ಕಂದೂರಿಯ ಮರುದಿನ ತೆಗೆದ ರಕ್ತ

ನನ್ನ ಹೆಸರಿನಲ್ಲಿರುವ ಸಂಶೋಧನಾ ಲೇಖನಗಳಲ್ಲಿ ಲೋಕ ಓದಿದ್ದು ಒಂದನ್ನೇ. ತಪ್ಪಿದ್ದದ್ದೂ ಅದರಲ್ಲೇ.

ನಾನು ಮೂತ್ರಪಿಂಡದ ಡಾಕ್ಟರು. ಹುಟ್ಟಿದ್ದು ಅಥಣಿ, ದವಾಖಾನೆ ಇರುವುದು ಚಿಕ್ಕೋಡಿಯಲ್ಲಿ. ಆ ಲೇಖನ ರಾಯಬಾಗ ತಾಲೂಕಿನ, ಕೃಷ್ಣಾ ದಂಡೆಯ ಒಂದು ಊರಿನ ಬಗ್ಗೆ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು ಆ ಊರಿಗೆ ಮಾಡಿದ್ದೇ ಸಾಕು. ಕಬ್ಬು ಕಡಿಯುವವರ ಊರು ಅದು. ಅಲ್ಲಿನ ಶಾಲೆಯಲ್ಲಿ ರಕ್ತ ಪರೀಕ್ಷೆಯ ಶಿಬಿರ ಮಾಡಿ, ಊರಿನ ದೊಡ್ಡ ಪಾಲು ಜನರ ಮೂತ್ರಪಿಂಡ ಸೋತಿದೆ, ಬಿಸಿಲಿನ ದುಡಿಮೆಯೇ ಕಾರಣವಿರಬೇಕು ಎಂದು ಬರೆದಿದ್ದೆ. ಎಲ್ಲೆಲ್ಲಿಯ ಸಂಶೋಧಕರೋ ಅದನ್ನು ತಮ್ಮ ಬರಹಗಳಲ್ಲಿ ಆಧಾರವೆಂದು ಹೆಸರಿಸಿದರು. ನಮ್ಮಲ್ಲಿ ಇದಕ್ಕೆ ಉಲ್ಲೇಖ ಎನ್ನುತ್ತಾರೆ. ಸಂಶೋಧಕರ ತೂಕ ಅಳೆಯುವುದೇ ಎಷ್ಟು ಉಲ್ಲೇಖ ಬಂತು ಎಂಬುದರ ಮೇಲೆ.

ಹೋಳಿ ಮುಗಿದ ವಾರ. ಒಂದು ವೈದ್ಯಕೀಯ ಕಾಲೇಜಿನವರು ಹೊಸ ಸಂಶೋಧನಾ ವಿಭಾಗಕ್ಕೆ ಮುಖ್ಯಸ್ಥರನ್ನು ಹುಡುಕುತ್ತಿದ್ದರು. ಅರ್ಜಿ ಹಾಕಲು ನನಗೂ ಹೇಳಿ ಕಳಿಸಿದ್ದರು. ಪೇಷಂಟುಗಳ ನಡುವೆ ಬಿಡುವಾದಾಗಲೆಲ್ಲ ಅದನ್ನೇ ತುಂಬುತ್ತಿದ್ದೆ. 'ಒಟ್ಟು ಉಲ್ಲೇಖಗಳು' ಎಂಬ ಕಲಮಿನಲ್ಲಿ ಬರೆಯುವ ಸಂಖ್ಯೆ ನನಗೆ ಬಾಯಿಪಾಠವಿತ್ತು. ಅದರ ಮುಕ್ಕಾಲು ಪಾಲು ಆ ಒಂದು ಲೇಖನದ್ದು.

ಅಷ್ಟರಲ್ಲಿ ಒಬ್ಬಾಕೆ ಗಂಡನ ರಟ್ಟೆ ಹಿಡಿದು ಒಳಗೆ ಕರೆತಂದಳು. ಐವತ್ತರ ಆಸುಪಾಸಿನವನು. ಅಂಗಿ ಮೈಮೇಲೆ ನಿಂತಿರಲಿಲ್ಲ, ತೂಗಾಡುತ್ತಿತ್ತು. ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ ಎಂದು ಹೇಳಿಕೊಂಡ. ಆಳುಗಳನ್ನು ಕೂಡಿಸಿ ಕೆಲಸ ಮಾಡಿಸುವವನು ಎಂದರ್ಥ. ಕಿಸೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಚೀಟಿ ತೆಗೆದ.

"ಬಾಯಾರ, ಇದು ನೀವ ಕೊಟ್ಟಿದ್ದ ಚೀಟಿ. ಸಹಿ ನಿಮ್ಮದ ಐತಿ ನೋಡ್ರಿ."

ನನ್ನದೇ ಸಹಿ. ಎರಡು ವರ್ಷದ ಹಿಂದಿನ ಶಿಬಿರದ ಚೀಟಿ. 'ಕ್ರಿಯಾಟಿನಿನ್ 1.7. ಮೂತ್ರಪಿಂಡದ ಕಾರ್ಯ ಕಡಿಮೆ. ತಜ್ಞರನ್ನು ಕಾಣಬೇಕು.' ಕ್ರಿಯಾಟಿನಿನ್ ಅಂದರೆ ಮಾಂಸಖಂಡಗಳಲ್ಲಿ ಹುಟ್ಟುವ ಕಸ. ಮೂತ್ರಪಿಂಡ ಅದನ್ನು ಸೋಸಿ ಹೊರಹಾಕುತ್ತದೆ. ರಕ್ತದಲ್ಲಿ ಅದು ಏರಿದ್ದರೆ ಸೋಸುವ ಕೆಲಸ ಕುಂಟುತ್ತಿದೆ ಎಂದು ತಿಳಿಯುತ್ತೇವೆ.

"ಎರಡು ವರ್ಷ ಯಾಕ ಬರ್ಲಿಲ್ರಿ?" ಎಂದೆ.

"ಬಂದ್ರ ರಕ್ತ ತೊಳಿಯೂ ಮಶೀನಿಗಿ ಹಚ್ಚತಾರ ಅಂತ ಅಂಜಿದ್ಯಾರಿ. ಔಷಧ ಅಂಗಡ್ಯಾಂವ ಚೀಟಿ ನೋಡಿ, ಬ್ಯಾಳಿ ಬಿಡು, ಹಾಲು ಬಿಡು, ನೀರು ಅಳದು ಕುಡಿ ಅಂದ. ಎಲ್ಲಾ ಬಿಟ್ಟೆ. ಶೇಂಗಾದ ಹಿಂಡಿ ಸೈತ ಬಿಟ್ಟೇನ್ರಿ. ದಿನಕ್ಕ ಎರಡ ತಂಬಗಿ ನೀರು, ಅದರ ಮ್ಯಾಲ ಹನಿ ಕುಡದಿಲ್ಲ."

ಹೆಂಡತಿ ಮಧ್ಯೆ ಬಾಯಿ ಹಾಕಿದಳು. "ಅರವತ್ತು ಕಿಲೋ ಹೊರೀ ಹೊರತಿದ್ದ ಗಂಡಸರಿ ಇಂವ. ಈಗ ಕೊಡ ಎತ್ತಿದ್ರ ಕೂಡ್ತಾನ. ಸಾಯೂ ಮೊದಲ ಒಮ್ಮೆ ತೋರಿಸೇ ಬಿಡೂನು ಅಂತ ನಾನ ಎಳಕೊಂಡ ಬಂದೀನ್ರಿ."

ರಕ್ತ ತೆಗೆಸಿದೆ. 0.9 ಬಂತು, ಆರೋಗ್ಯವಂತರಲ್ಲಿ ಇರುವಷ್ಟೇ. ನನಗೆ ನಂಬಿಕೆಯಾಗಲಿಲ್ಲ. ಅಷ್ಟು ಸೊರಗಿದವನ ಮೈಯಲ್ಲಿ ಮಾಂಸವೇ ಇಲ್ಲ, ಅದಕ್ಕೇ ಕಡಿಮೆ ತೋರಿಸುತ್ತಿದೆ ಎಂದುಕೊಂಡು ಮೂತ್ರ ನೋಡಿದೆ, ಸ್ಕ್ಯಾನ್ ಮಾಡಿದೆ, ಮಾಂಸಖಂಡಕ್ಕೆ ಸಂಬಂಧವೇ ಇಲ್ಲದ ಸಿಸ್ಟಾಟಿನ್ ಎಂಬ ಇನ್ನೊಂದು ಪರೀಕ್ಷೆಗೆ ಕಳಿಸಿದೆ. ನಾಲ್ಕು ದಿನ ಬಿಟ್ಟು ಎಲ್ಲವೂ ಬಂದವು. ಒಂದರಲ್ಲೂ ದೋಷವಿಲ್ಲ. ಅವನ ಮೂತ್ರಪಿಂಡಗಳು ನನ್ನವುಗಳಿಗಿಂತ ಚೆನ್ನಾಗಿದ್ದವು. ಅವನಿಗಿದ್ದ ರೋಗ ಒಂದೇ, ಹಸಿವು. ಅದು ನಾನು ಕೊಟ್ಟದ್ದು.

ಅವನನ್ನು ಎದುರಿಗೆ ಕೂಡ್ರಿಸಿ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. "ಹಂಗಾರ ಬ್ಯಾಳಿ ಉಣ್ಣಬೌದೇನ್ರಿ?" ಎಂದಷ್ಟೇ ಕೇಳಿದ.

"ಉಣ್ರಿ. ಇವತ್ತಿನಿಂದನ ಉಣ್ರಿ. ಒಂದು ಮಾತು ಹೇಳ್ರಿ, ಆವತ್ತು ರಕ್ತ ಕೊಡಾಕ ಬಂದಾಗ ಏನು ಉಂಡಿದ್ರಿ?"

ಅವನು ನೆನಪು ಮಾಡಿಕೊಳ್ಳುವ ಮೊದಲೇ ಹೆಂಡತಿ ಹೇಳಿದಳು. "ಹಿಂದಿನ ದಿನ ಕಂದೂರಿ ಇತ್ತಲ್ರಿ. ಊರೆಲ್ಲಾ ಮಟನ್. ಮರುದಿನ ಮುಂಜಾನಿನೂ ಅದ ಸಾರು ಕಾಸಿ ಉಂಡು ಕಬ್ಬು ಕಡಿಯೂ ಫಡಕ್ಕ ಹೋಗಿದ್ರು. ಮಧ್ಯಾಹ್ನ ನಿಮ್ಮ ಗಾಡಿ ಬಂದೈತಿ ಅಂತ ಫಡದಿಂದ ನೆಟ್ಟಗ ಸಾಲಿಗಿ ಬಂದ್ರು. ಬಾಯಾಗ ಹನಿ ನೀರು ಹಾಕಿರಲಿಲ್ಲ."

ಕಂದೂರಿ ಎಂದರೆ ದರ್ಗಾದ ಹರಕೆಯ ಮಾಂಸದೂಟ. ಬೇಯಿಸಿದ ಮಾಂಸ ಉಂಡರೆ ಕೆಲವು ತಾಸು ಕ್ರಿಯಾಟಿನಿನ್ ಏರುತ್ತದೆ. ಬಿಸಿಲಲ್ಲಿ ಕಬ್ಬು ಕಡಿದು ನೀರು ಕುಡಿಯದಿದ್ದರೂ ಏರುತ್ತದೆ. ಎರಡೂ ಕೂಡಿದರೆ ಕೇಳಬೇಕೆ? ಒಂದು ರಾತ್ರಿ ಮಲಗಿ, ನೀರು ಕುಡಿದು ಎದ್ದರೆ ಇಳಿದುಬಿಡುತ್ತದೆ. ಅದಕ್ಕೇ ನಮ್ಮ ಶಾಸ್ತ್ರದಲ್ಲಿ ಒಂದು ನಿಯಮವಿದೆ: ಮೂರು ತಿಂಗಳು ಬಿಟ್ಟು ಮತ್ತೆ ನೋಡಿದಾಗಲೂ ದೋಷವಿದ್ದರೆ ಮಾತ್ರ ದೀರ್ಘಕಾಲದ ರೋಗ ಎನ್ನಬೇಕು. ನಾವು ನೋಡಿದ್ದು ಒಂದೇ ಸಲ. ಲೇಖನದ ಕೊನೆಯಲ್ಲಿ 'ಒಂದೇ ಬಾರಿಯ ಪರೀಕ್ಷೆ, ಇದು ಅಧ್ಯಯನದ ಮಿತಿ' ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದೆವು. ಉಲ್ಲೇಖಿಸಿದವರು ಯಾರೂ ಆ ಸಾಲನ್ನು ಜೊತೆಗೆ ಒಯ್ದಿರಲಿಲ್ಲ.

ನನ್ನ ಲ್ಯಾಬ್ ಟೆಕ್ನಿಷಿಯನ್ ಬೋರಗಾಂವದವಳು, ಮಗ್ಗದವರ ಮನೆಯ ಸೊಸೆ. ಎರಡು ವರ್ಷದ ಹಿಂದೆ ಶಿಬಿರದಲ್ಲಿ ಸೂಜಿ ಹಿಡಿದವಳೂ ಅವಳೇ. ಶಿಬಿರದ ರಜಿಸ್ಟರ್ ತೆಗೆಸಿ ಇಬ್ಬರೂ ಕೂತೆವು. ರಕ್ತ ತೆಗೆದ ಹೊತ್ತನ್ನು ಅವಳು ಪ್ರತಿ ಹೆಸರಿನ ಮುಂದೆ ನೀಟಾಗಿ ಬರೆದಿಟ್ಟಿದ್ದಳು. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬೆಳಿಗ್ಗೆ ಬಂದವರು ಮುದುಕರು, ಮನೆಯಲ್ಲಿರುವ ಹೆಂಗಸರು, ಜೈನ ಓಣಿಯವರು. ಅವರ ಫಲಿತಾಂಶಗಳೆಲ್ಲ ಸರಿಯಿದ್ದವು. ಮಧ್ಯಾಹ್ನದ ಹಾಳೆ ಬಂದ ಕೂಡಲೇ ಕೆಂಪು ಗೆರೆ ಎಳೆದ ಹೆಸರುಗಳು ಸಾಲಾಗಿ ಶುರುವಾದವು.

"ಅಹೋ ಮೇಡಮ್," ಎಂದಳು, ಬೆರಳು ಆ ಹಾಳೆಯ ಮೇಲಿಟ್ಟು. "ಆವತ್ತ ನಾ ಅಂದಿದ್ನಿರಿ, ಇವ್ರೆಲ್ಲಾ ದಣದು ಬಂದಾರ, ನಾಳೆ ಮುಂಜಾನಿ ಕರಿಯೂನು ಅಂತ. ಗಾಡಿ ಒಂದ ದಿನಕ್ಕ ಐತಿ ಅಂದ್ರಿ ನೀವು."

ಅಂದಿದ್ದು ನಿಜ. ನನಗೆ ನೆನಪಿತ್ತು.

ಮರುದಿನ ನನ್ನ ಗುರುಗಳಿಗೆ ಫೋನ್ ಮಾಡಿದೆ. ಆ ಲೇಖನದಲ್ಲಿ ಅವರ ಹೆಸರೂ ಇದೆ. ದೊಡ್ಡ ಊರಿನ ದೊಡ್ಡ ಪ್ರಾಧ್ಯಾಪಕರು. ನನಗೆ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಕಲಿಸಿದವರು. ಎಲ್ಲವನ್ನೂ ಕೇಳಿಸಿಕೊಂಡರು.

"ಒಬ್ಬ ಪೇಷಂಟಿನ ಮೇಲೆ ಇಷ್ಟು ದೊಡ್ಡ ತೀರ್ಮಾನಕ್ಕೆ ಬರಬೇಡ," ಎಂದರು. "ಎಷ್ಟೋ ಸರ್ವೆಗಳು ಒಂದೇ ಟೆಸ್ಟಿನ ಮೇಲೆ ನಿಂತಿವೆ. ಮಿತಿ ಅಂತ ನಾವು ಬರೆದಿದ್ದೇವಲ್ಲ."

"ಬರೆದಿದ್ದೇವೆ ಸರ್. ಆದರೆ ಚೀಟಿಯಲ್ಲಿ ಬರೆದಿರಲಿಲ್ಲ."

"ಮತ್ತೆ ಪರೀಕ್ಷೆ ಮಾಡು, ಬೇಡ ಅನ್ನುವುದಿಲ್ಲ. ಹೊಸ ಫಲಿತಾಂಶ ಬರಲಿ. ಹಳೆಯದು ನಿಂತರೆ ಒಳ್ಳೆಯದೇ ಆಯಿತು. ನಿಲ್ಲದಿದ್ದರೆ ಆಗ ಲೇಖನ ಹಾಕಿದ ಪತ್ರಿಕೆಗೆ ಬರೆಯೋಣ. ಈಗಲೇ ಯಾಕೆ? ನಿನ್ನ ಅರ್ಜಿ ಬೇರೆ ಇದೆ."

ಅವರು ಹೇಳಿದ್ದರಲ್ಲಿ ಅನ್ಯಾಯದ ಮಾತೇನೂ ಇರಲಿಲ್ಲ. ಎರಡು ದಿನ ಅದನ್ನೇ ಯೋಚಿಸಿದೆ. ಮತ್ತೆ ಪರೀಕ್ಷೆ ಮುಗಿಯಲು ಮಳೆಗಾಲ ಬರುತ್ತದೆ. ಅಷ್ಟರಲ್ಲಿ ಹುದ್ದೆಯ ಸಂದರ್ಶನ ಮುಗಿದಿರುತ್ತದೆ. ಆದರೆ ಅಷ್ಟು ತಿಂಗಳು ಆ ಲೇಖನ ಓದಿದ ಯಾವನೋ ಡಾಕ್ಟರು ಇನ್ನೊಂದು ಊರಿನಲ್ಲಿ, ಇನ್ನೊಂದು ಶಾಲೆಯ ಕಟ್ಟೆಯ ಮೇಲೆ, ದಣಿದು ಬಂದವರ ರಕ್ತ ತೆಗೆದು ಅಂಥದೇ ಚೀಟಿ ಬರೆಯುತ್ತಿರುತ್ತಾನೆ. ರಕ್ತ ತೆಗೆದ ಹೊತ್ತು ತಪ್ಪು ಎಂಬುದು ಗೊತ್ತಾಗಿದೆ. ಅದಕ್ಕೆ ಹೊಸ ಫಲಿತಾಂಶ ಬೇಕಿಲ್ಲ. ಶನಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದೆ. ಎಲ್ಲಿ, ಯಾವಾಗ, ಹೇಗೆ ರಕ್ತ ತೆಗೆದೆವು, ಏನನ್ನು ಕೇಳಲು ಮರೆತೆವು, ಓದುಗರಿಗೆ ಕೂಡಲೇ ಎಚ್ಚರಿಕೆ ಯಾಕೆ ಕೊಡಬೇಕು ಎಂದು ಒಂದೊಂದಾಗಿ. ಪ್ರತಿಯನ್ನು ಗುರುಗಳಿಗೆ ಕಳಿಸಿ, 'ಸರ್, ಹತ್ತು ದಿನ ಕಾಯುತ್ತೇನೆ. ನೀವು ಸಹಿ ಮಾಡಿದರೆ ಇಬ್ಬರ ಪತ್ರ, ಇಲ್ಲದಿದ್ದರೆ ನನ್ನೊಬ್ಬಳ ಪತ್ರ' ಎಂದು ಬರೆದೆ. ಅರ್ಜಿಯ ಕಲಮಿನಲ್ಲಿ ಸಂಖ್ಯೆ ತುಂಬಿ, ಕೆಳಗೆ ಇಷ್ಟನ್ನು ಸೇರಿಸಿದೆ: 'ಇವುಗಳಲ್ಲಿ ಹೆಚ್ಚಿನವು ನಾನೇ ಮರುಪರೀಕ್ಷೆ ಮಾಡುತ್ತಿರುವ ಲೇಖನಕ್ಕೆ ಬಂದವು.'

ಹತ್ತನೆಯ ದಿನ ಉತ್ತರ ಬರಲಿಲ್ಲ. ಹನ್ನೊಂದನೆಯ ದಿನ ನನ್ನ ಪತ್ರ ಹೋಯಿತು.

ಊರಿಗೆ ಮತ್ತೆ ಹೋಗುವುದು ಪತ್ರ ಬರೆದಷ್ಟು ಸಲೀಸಾಗಿರಲಿಲ್ಲ. ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಅನುಮತಿ ಬರುವ ಹೊತ್ತಿಗೆ ಏಪ್ರಿಲ್ ಅರ್ಧ ಕಳೆದಿತ್ತು. ಪಂಚಾಯ್ತಿಯ ಮುಂದೆ ಜನ ಸೇರಿದ್ದರು. ಕುಡಿಯಲು ನೀರು ಕೊಟ್ಟರು, ಕುರ್ಚಿ ಕೊಟ್ಟರು, ಮಾತು ಮಾತ್ರ ಕೊಡಲಿಲ್ಲ. ಕೊನೆಗೆ ಒಬ್ಬ ಎದ್ದು ನಿಂತ.

"ಮೇಡಮ್ಮಾರ, ಸುತ್ತೂ ಹಳ್ಯಾಗ ನಮ್ಮನ್ನ ಕಿಡ್ನಿ ಊರಿನಾವ್ರು ಅಂತಾರ. ಈ ಊರಿನ ಗ್ಯಾಂಗ್ ಬ್ಯಾಡ, ಫಡದಾಗ ಬಿದ್ದಗಿದ್ದಾರು ಅಂತಾರ. ಮತ್ತ ರಕ್ತ ತಗೊಂಡು ಇನ್ನೇನ್ ಹೆಸರು ಇಡಾವ್ರು ನಮಗ?"

ನಾನೂ ಎದ್ದು ನಿಂತೆ. "ತಪ್ಪು ನಂದು. ನಿಮ್ಮ ಮೈಯಾಗಲ್ಲ, ನಾ ರಕ್ತ ತೆಗೆದ ರೀತಿಯೊಳಗ ತಪ್ಪಿತ್ತು. ಅದನ್ನ ಬರದು ಕಳಿಸೀನಿ. ಈಗ ಸರಿಯಾಗಿ ನೋಡಬೇಕು. ನೋಡದಿದ್ರ ಯಾರಿಗಿ ಖರೇನ ರೋಗ ಐತಿ ಅನ್ನೂದು ನಿಮಗೂ ಗೊತ್ತಾಗೂದಿಲ್ಲ, ನನಗೂ ಗೊತ್ತಾಗೂದಿಲ್ಲ."

ಡಾಕ್ಟರು ತಪ್ಪು ಒಪ್ಪಿಕೊಂಡಾಗ ಜನ ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಮುಕಾದಮ ಹಿಂದೆ ಕೂತಿದ್ದ. ಒಂದು ತಿಂಗಳು ಬೇಳೆ, ಹಾಲು ಉಂಡು ಅವನ ಗಲ್ಲ ಸ್ವಲ್ಪ ತುಂಬಿತ್ತು. ಕೂತಲ್ಲಿಂದಲೇ ಅಂಗಿಯ ತೋಳು ಮಡಚಿದ.

"ನಂದ ಮೊದಲ ತಗೋರಿ. ಎರಡು ವರ್ಷ ಉಪಾಸ ಬಿದ್ದಾಂವ ನಾನು. ನಾನ ಬ್ಯಾಡ ಅಂದಿಲ್ಲ, ಇವ್ರೇನ್ ಅಂತಾರು?"

ಅಲ್ಲಿಗೆ ಕೆಲಸ ಶುರುವಾಯಿತು. ಈ ಸಲ ಕ್ರಮ ಬೇರೆ. ಜನ ನಮ್ಮ ಬಳಿ ಬರುವುದಲ್ಲ, ನಾವೇ ಮನೆಗೆ ಹೋಗುವುದು. ಸೂರ್ಯ ಏರುವ ಮೊದಲು, ಯಾರೂ ಫಡಕ್ಕೆ ಹೋಗದ ಹೊತ್ತಿನಲ್ಲಿ. ಹಿಂದಿನ ದಿನ ಮಾಂಸ ಉಂಡಿದ್ದರೆ ಎರಡು ದಿನ ಬಿಟ್ಟು. ರಕ್ತದ ಜೊತೆ ಬೆಳಗಿನ ಮೊದಲ ಮೂತ್ರ. ಯಾವ ಗುಳಿಗೆ ನುಂಗುತ್ತೀರಿ ಎಂದು ಬರೀ ಕೇಳುವುದಲ್ಲ, ಗೂಡಿನಲ್ಲಿಟ್ಟ ಡಬ್ಬಿ ತೆರೆಸಿ ಕಣ್ಣಾರೆ ನೋಡುವುದು.

ಮೊದಲ ದಿನವೇ ಸೋತೆವು. ತೆಗೆದ ರಕ್ತವನ್ನು ಬೇಗ ಯಂತ್ರದಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ಬೇರೆ ಮಾಡಬೇಕು. ಕರೆಂಟು ಹೋಯಿತು. ಬರುತ್ತದೆ ಬರುತ್ತದೆ ಎಂದು ಕಾದೆವು. ಬಿಸಿಲು ಏರಿತು. ಕೊಳವೆಗಳನ್ನು ಚಿಕ್ಕೋಡಿಗೆ ತಂದಾಗ ತಿಳಿ ಹಳದಿಯಾಗಿರುವ ಬದಲು ಕೆಂಪಾಗಿತ್ತು. ರಕ್ತಕಣ ಒಡೆದಿದ್ದವು. ಹಾಗೂ ಹೀಗೂ ಒಂದು ಸಂಖ್ಯೆ ಬರುತ್ತಿತ್ತು, ಬರೆದುಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಟೆಕ್ನಿಷಿಯನ್ ನನ್ನ ಮುಖ ನೋಡಿದಳು.

"ಚೆಲ್ಲಿಬಿಡು," ಎಂದೆ.

"ಮತ್ತ ಅದ ಮನಿಗೋಳಿಗಿ ಹೋಗಿ ಮತ್ತ ರಕ್ತ ಕೇಳೂದಾ ಮೇಡಮ್?"

"ಕೇಳೂದು."

ಮರುದಿನ ಅವಳು ಮೈದುನನ ಜೀಪಿನಲ್ಲಿ ಬಂದಳು. ಹಿಂದೆ ಮನೆಯ ಇನ್ವರ್ಟರ್, ಎರಡು ದೊಡ್ಡ ಬ್ಯಾಟರಿ. "ಒಂದ್ ವಾರ ಮನ್ಯಾಗ ಫ್ಯಾನ್ ಇಲ್ಲ ಅಂತ ಅತ್ತಿ ಬೈದು ಕಳಿಸ್ಯಾಳ್ರಿ," ಎಂದು ನಕ್ಕಳು. ಜೀಪನ್ನೇ ಲ್ಯಾಬ್ ಮಾಡಿಕೊಂಡೆವು. ಓಣಿಯ ತುದಿಯಲ್ಲಿ ನಿಲ್ಲಿಸಿ, ಅಲ್ಲೇ ಯಂತ್ರ ತಿರುಗಿಸಿ, ತಿಳಿ ತೆಗೆದು ಐಸ್ ಡಬ್ಬಿಗೆ ಹಾಕಿ, ನಾಷ್ಟಾದ ಹೊತ್ತಿಗೆ ಚಿಕ್ಕೋಡಿ ಮುಟ್ಟುತ್ತಿದ್ದೆವು. ಮೊದಲ ದಿನದ ಮನೆಗಳಲ್ಲಿ ಒಂದೇ ಒಂದು ಮನೆಯವರು ಎರಡನೆಯ ಸಲ ಒಲ್ಲೆ ಎಂದರು. ಉಳಿದವರು ಬೈದು ಕೈ ಕೊಟ್ಟರು.

ಎರಡನೆಯ ಸುತ್ತು ಜುಲೈ ಕೊನೆಗೆ. ಆ ನಡುವಿನ ತಿಂಗಳುಗಳಲ್ಲಿ ಎರಡು ಸುದ್ದಿ ಬಂದವು. ಹುದ್ದೆ ಇನ್ನೊಬ್ಬರಿಗೆ ಹೋಯಿತು. ಸಂದರ್ಶನದಲ್ಲಿ ಒಬ್ಬರು ನನ್ನ ಅಡಿಟಿಪ್ಪಣಿ ತೋರಿಸಿ, "ಇದನ್ನು ಬರೆಯುವ ಅಗತ್ಯವೇನಿತ್ತು?" ಎಂದು ಕೇಳಿದ್ದರು. "ಅದು ನಿಜ, ಅದಕ್ಕೆ," ಎಂದಿದ್ದೆ. ಆ ಕೋಣೆಯಿಂದ ಹೊರಬರುವಾಗಲೇ ಫಲಿತಾಂಶ ಗೊತ್ತಾಗಿತ್ತು, ಆದರೂ ಹಗುರಾಗಿದ್ದೆ. ಇನ್ನೊಂದು ಸುದ್ದಿ, ಪತ್ರಿಕೆಯವರು ಲೇಖನದ ಮೇಲೆ ಎಚ್ಚರಿಕೆಯ ಸೂಚನೆ ಹಾಕಿದರು. ಅದು ಅಚ್ಚಾಗುವ ಮುನ್ನ ಗುರುಗಳ ಫೋನ್ ಬಂತು.

"ನನ್ನ ಹೆಸರೂ ಹಾಕು," ಎಂದರು. "ನನ್ನ ಹಳೆಯ ಸರ್ವೆ ಒಂದನ್ನು ತೆಗೆದು ನೋಡಿದೆ. ಅದರಲ್ಲಿ ಹೊತ್ತನ್ನೇ ಬರೆದಿಟ್ಟಿಲ್ಲ. ನಿನ್ನ ಲ್ಯಾಬ್ ಹುಡುಗಿ ಬರೆದಿಟ್ಟಿದ್ದಳಲ್ಲ, ಅದಕ್ಕೇ ನೀನು ಪಾರಾದೆ."

ಹಳೆಯ ಲೇಖನವನ್ನು ಸೂಚನೆ ನೋಡದೆ ಉಲ್ಲೇಖಿಸುವವರು ಈಗಲೂ ಇದ್ದಾರೆ. ಭಾನುವಾರಗಳಂದು ಹುಡುಕಿ ಒಬ್ಬೊಬ್ಬರಿಗೂ ಕಾಗದ ಬರೆಯುತ್ತೇನೆ. ಕೆಲವರು ಉತ್ತರಿಸುತ್ತಾರೆ, ಕೆಲವರು ಇಲ್ಲ. ಬರೆಯುವುದನ್ನಂತೂ ಬಿಟ್ಟಿಲ್ಲ.

ಜುಲೈಯಲ್ಲಿ ಕೃಷ್ಣೆ ತುಂಬಿ ಊರಿಗೆ ಹೋಗುವ ಸೇತುವೆ ಮುಳುಗಿತ್ತು. ಸುತ್ತು ಹಾಕಿ, ಕೆಸರಿನಲ್ಲಿ ಜೀಪು ನೂಕಿ ಹೋದೆವು. ಮುಕಾದಮ ಮುಂದೆ ಮುಂದೆ ನಡೆದು ಮನೆಮನೆಯ ಬಾಗಿಲು ತಟ್ಟಿ, "ಏಳ್ರ್ಯೋ, ರಕ್ತದಾವ್ರು ಬಂದಾರ," ಎಂದು ಕೂಗುತ್ತಿದ್ದ. ಆ ದನಿಯಲ್ಲಿ ಗ್ಯಾಂಗ್ ನಡೆಸುವವನ ಗತ್ತು ಮರಳಿತ್ತು. ಅವನ ರಕ್ತ ಎರಡು ಸುತ್ತಿನಲ್ಲೂ ಶುದ್ಧವಾಗಿತ್ತು.

ನಾವು ಚೀಟಿ ಕೊಟ್ಟು ರೋಗಿಗಳೆಂದವರಲ್ಲಿ ಹೆಚ್ಚಿನವರಿಗೆ ರೋಗವೇ ಇರಲಿಲ್ಲ. ಕೆಲವರಿಗೆ ನಿಜಕ್ಕೂ ಇತ್ತು. ಅವರ ಡಬ್ಬಿಗಳಲ್ಲಿ ನಮಗೆ ಸಿಕ್ಕದ್ದು ಬೆನ್ನುನೋವಿನ ಗುಳಿಗೆಗಳು, ಅತಿಯಾದರೆ ಮೂತ್ರಪಿಂಡವನ್ನೇ ಕೆಡಿಸುವಂಥವು. ದಿನಾ ಎರಡು, ಮೂರು, ವರ್ಷಗಟ್ಟಲೆ. ಅದೊಂದೇ ಕಾರಣ ಎಂದು ನಾನು ಬರೆಯಲಿಲ್ಲ, ಇನ್ನೂ ನೋಡಬೇಕು ಎಂದು ಬರೆದೆ. ಗುಳಿಗೆಯನ್ನು ಮಾತ್ರ ಆ ದಿನವೇ ಬಿಡಿಸಿದೆ. ಅವರ ರೋಗವನ್ನು ಸರಿಯಾಗಿ ಗುರುತಿಸಿದ್ದರಿಂದ ಚಿಕಿತ್ಸೆಗೆ ಇನ್ನೂ ಅವಕಾಶವಿತ್ತು.

ಈ ಸಲ ಚೀಟಿ ಹಂಚಲಿಲ್ಲ. ಒಬ್ಬೊಬ್ಬರ ಮನೆಗೂ ಹೋಗಿ ಕೂತು ಹೇಳಿದೆ. ಎಲ್ಲ ಮುಗಿಸಿ ಕೊನೆಗೆ ಜೈನ ಓಣಿಗೆ ಹೋದೆವು. ಅಲ್ಲಿನ ಒಂದು ಮನೆಗೆ ಹೋಗುವುದನ್ನು ಬೇಕಂತಲೇ ಕಡೆಗೆ ಇಟ್ಟುಕೊಂಡಿದ್ದೆ. ಅಲ್ಲಿ ಒಬ್ಬ ಅಜ್ಜಿ. ಊರವರೆಲ್ಲ ಆಯಿ ಎನ್ನುತ್ತಿದ್ದರು. ಗುಬ್ಬಿಯಷ್ಟು ಮೈ. ಹೊತ್ತು ಮುಳುಗುವ ಮೊದಲು ಉಂಡು, ತಿಂಗಳಲ್ಲಿ ಐದಾರು ಉಪವಾಸ ಮಾಡುವವಳು. ಹಳೆಯ ಶಿಬಿರದಲ್ಲಿ ಅವಳಿಗೆ 'ಚೆನ್ನಾಗಿದೆ' ಎಂದು ಬರೆದುಕೊಟ್ಟಿದ್ದೆವು. ಮೈಯಲ್ಲಿ ಮಾಂಸಖಂಡವೇ ಇಲ್ಲದ್ದರಿಂದ ಅವಳ ಕ್ರಿಯಾಟಿನಿನ್ ಕಡಿಮೆ ಕಂಡಿತ್ತು. ಈ ಸಲ ಎರಡೂ ಸುತ್ತಿನಲ್ಲಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು, ಸಿಸ್ಟಾಟಿನ್ ಏರಿತ್ತು. ಮೂತ್ರಪಿಂಡ ಅರ್ಧದಷ್ಟು ಸೋತಿತ್ತು. ನಮ್ಮ ತಪ್ಪು ಎರಡೂ ಕಡೆ ಕೊಯ್ದಿತ್ತು. ಇಲ್ಲದವರಿಗೆ ರೋಗ ಕೊಟ್ಟಿದ್ದೆವು, ಇದ್ದವಳಿಗೆ ಇಲ್ಲವೆಂದಿದ್ದೆವು.

ಪಡಸಾಲೆಯಲ್ಲಿ ಚಾಪೆಯ ಮೇಲೆ ಅವಳೆದುರು ಕೂತು ಎಲ್ಲ ಹೇಳಿದೆ. ಸೊಸೆ ಸೆರಗು ಬಾಯಿಗಿಟ್ಟು ನಿಂತಳು. ಆಯಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೋದ ಸಲ ಚಲೋ ಐತಿ ಅಂದಿದ್ದಿ," ಎಂದಳು.

"ಹೌದ್ರಿ ಆಯಿ. ಅಂದಿದ್ದೆ. ತಪ್ಪಾಗಿತ್ತು."

"ಈ ಸಲ ಖರೇನ ಏನವಾ?"

"ಖರೇ ಐತ್ರಿ. ಎರಡ ಸಲ ನೋಡೀವಿ, ಮೂರ ನಮೂನಿ ನೋಡೀವಿ. ಇದು ತಪ್ಪಾಗೂದಿಲ್ಲ."

ಹಾಗೆ ಹೇಳುವ ಹಕ್ಕು ಸಂಪಾದಿಸಲು ಐದು ತಿಂಗಳು ಹಿಡಿದಿತ್ತು. ಆಯಿ ಸೊಸೆಯ ಕಡೆ ತಿರುಗಿ, "ಅಳಬ್ಯಾಡ, ಇಲ್ಲಿ ಬಂದ ಕೂಡು, ನನಗ ನೆನಪ ಉಳಿಯೂದಿಲ್ಲ," ಎಂದಳು. ಮತ್ತೆ ನನ್ನ ಕಡೆ ತಿರುಗಿದಳು.

"ಹಂಗಾರ ಹೇಳು. ನಾಳಿನಿಂದ ಏನ್ ಮಾಡ್ಲಿ?"